ಆಫ್ರಿಕನ್ ವಯೊಲೆಟ್ ಸಂಗ್ರಹದಲ್ಲಿ ಕೀಟಬಾಧೆ

ಕಿಟಕಿಯ ಕಟ್ಟೆ, ದೀಪದ ಕಪಾಟು ಅಥವಾ ಮುಚ್ಚಿದ ಬಾಲ್ಕನಿಯಲ್ಲಿ ಒಟ್ಟಾಗಿ ಬೆಳೆಸುವ ಆಫ್ರಿಕನ್ ವಯೊಲೆಟ್ ಗಿಡಗಳಿಗೆ ತಗಲುವ ಕೀಟ, ನುಸಿ ಹಾಗೂ ಜಂತುಹುಳುಗಳ ಕಾಟ. ಅವುಗಳ ಪತ್ತೆ, ಹತೋಟಿ ಮತ್ತು ತಡೆ. ಮನೆಯಲ್ಲಿ ಒಂದೇ ಕುಂಡವಿದ್ದರೆ ಕೀಟಬಾಧೆ ಆ ಗಿಡದ ಕಾಯಿಲೆ ಮಾತ್ರ. ಕುಂಡಗಳು ಹತ್ತಾರಾದಾಗ ವಿಷಯ ಬದಲಾಗುತ್ತದೆ. ಎಲೆಗೆ ಎಲೆ ತಾಗುತ್ತದೆ, ಒಂದೇ ತಟ್ಟೆಯ ನೀರನ್ನು ನಾಲ್ಕು ಕುಂಡಗಳು ಹೀರುತ್ತವೆ, ಒಂದೇ ಕುಂಚ ಎಲ್ಲ ಎಲೆಗಳ ದೂಳು ಒರೆಸುತ್ತದೆ, ಒಂದೇ ಜೊತೆ ಕೈಗಳು ಎಲ್ಲ ಸುಳಿಗಳನ್ನು ಮುಟ್ಟುತ್ತವೆ. ಹುಳ ಹರಡುವುದು ಈ ದಾರಿಗಳಲ್ಲೇ. ಆದ್ದರಿಂದ ಸಂಗ್ರಹದ ಕೀಟ ನಿರ್ವಹಣೆಯೆಂದರೆ ಮೊದಲು ಈ ದಾರಿಗಳನ್ನು ಕಡಿಯುವುದು. ಔಷಧಿಯ ಬಾಟಲಿಗೆ ಕೈಹಾಕುವುದು ಅದರ ನಂತರದ ಮಾತು.

ಗಿಡದ ಪರಿಚಯ: ಆಫ್ರಿಕನ್ ವಯೊಲೆಟ್ ಗೆಸ್ನೇರಿಯೇಸಿ ಕುಟುಂಬದ್ದು, ಯೂರೋಪಿನ ವಯೊಲೆಟ್‌ಗಳಿಗೂ ಇದಕ್ಕೂ ನಂಟಿಲ್ಲ. ತವರು ಇಂದಿನ ಟಾಂಜಾನಿಯ ಮತ್ತು ಕೆನ್ಯದ ಬೆಟ್ಟಗಾಡು, ಅದರಲ್ಲೂ ಉಸಂಬಾರ ಪರ್ವತಗಳ ನೆರಳಿನ ತೇವದ ಬಂಡೆಗಳು. ಆಗಿನ ಜರ್ಮನ್ ಪೂರ್ವ ಆಫ್ರಿಕದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಫಾನ್ ಸೇಂಟ್ ಪಾಲ್ ಇಲೇರ್ 1892ರ ಸುಮಾರಿಗೆ ಇದನ್ನು ಜರ್ಮನಿಯಲ್ಲಿದ್ದ ತಂದೆಗೆ ಕಳಿಸಿದ. ಹಾನೋವರ್‌ನ ಹೆರನ್‌ಹೌಸನ್ ಉದ್ಯಾನದ ಹರ್ಮನ್ ವೆಂಡ್‌ಲಾಂಡ್ 1893ರಲ್ಲಿ ಸೇಂಟ್‌ಪೌಲಿಯ ಅಯೊನಾಂತ ಎಂದು ಹೆಸರಿಟ್ಟ. ಈಚೆಗೆ, 2015ರಲ್ಲಿ, ಸಸ್ಯವಿಜ್ಞಾನಿಗಳು ಇದನ್ನು ಸ್ಟ್ರೆಪ್ಟೊಕಾರ್ಪಸ್ ಜಾತಿಯೊಳಕ್ಕೆ ಸೇರಿಸಿದ್ದಾರೆ. 1920ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಆರ್ಮಕಾಸ್ಟ್ ಮತ್ತು ರಾಯ್‌ಸ್ಟನ್ ನರ್ಸರಿ ಆಯ್ದ ತಳಿಗಳನ್ನು ಮಾರಾಟಕ್ಕೆ ಬಿಟ್ಟ ಮೇಲೆ ಇದು ಮನೆಮನೆಯ ಗಿಡವಾಯಿತು. 1946ರಲ್ಲಿ ಅಮೆರಿಕದಲ್ಲಿ ಆಫ್ರಿಕನ್ ವಯೊಲೆಟ್ ಸೊಸೈಟಿ ಹುಟ್ಟಿಕೊಂಡಿತು. ಪಶ್ಚಿಮ ಘಟ್ಟದ ತೇವದ ಬಂಡೆಗಳಲ್ಲಿ ಮಳೆಗಾಲಕ್ಕೆ ಹೂಬಿಡುವ ಹೆಂಕೆಲಿಯ ಇದೇ ಕುಟುಂಬದ್ದು. ಬೆಂಗಳೂರು, ಮಲೆನಾಡುಗಳ ಹದವಾದ ಹವೆ ಈ ಗಿಡಕ್ಕೆ ಒಗ್ಗುತ್ತದೆ. ಸಂಕಟವೆಂದರೆ, 18ರಿಂದ 26 ಡಿಗ್ರಿ ಸೆಲ್ಸಿಯಸ್‌ನ ಅದೇ ಹದ ಇದನ್ನು ತಿನ್ನುವ ಜೀವಿಗಳಿಗೂ ಹಿತ.

ಗಿಡದ ಕಟ್ಟುವಿಕೆಯೇ ಕೀಟಕ್ಕೆ ಆಶ್ರಯ. ಎಲೆಗಳೆಲ್ಲ ನೆಲಮಟ್ಟದಲ್ಲಿ ಚಕ್ರಾಕಾರವಾಗಿ ಹರಡಿ, ನಟ್ಟನಡುವೆ ಬಿಗಿಯಾದ ಸುಳಿ ಇರುತ್ತದೆ. ಎಲೆಗಳ ಮೇಲೆ, ತೊಟ್ಟುಗಳ ಮೇಲೆ, ಮೊಗ್ಗಿನ ಮೇಲೆ ದಟ್ಟ ರೋಮ. ಈ ರೋಮದಿಂದಾಗಿ ಗಿಡಹೇನು, ಬಿಳಿ ನೊಣಗಳಂಥ ಬಯಲಿನ ಕೀಟಗಳು ಇಲ್ಲಿ ಅಷ್ಟಾಗಿ ಬೇರೂರುವುದಿಲ್ಲ. ಆದರೆ ಸುಳಿಯ ಮಡಿಕೆಗಳ ಒಳಗಿನ ತೇವ ಮತ್ತು ಕತ್ತಲೆ ಕಣ್ಣಿಗೆ ಕಾಣದ ನುಸಿಗಳಿಗೆ ಹೇಳಿ ಮಾಡಿಸಿದಂತಿದೆ. ಸಿಂಪಡಿಸಿದ ದ್ರಾವಣವೂ ರೋಮದ ತುದಿಯಲ್ಲಿ ಹನಿಯಾಗಿ ನಿಂತುಬಿಡುತ್ತದೆ. ಎಲೆಯ ಮೈಗೆ, ಸುಳಿಯ ಒಳಕ್ಕೆ ಇಳಿಯುವುದು ಕಡಿಮೆ. ಗುಲಾಬಿಗೆ ಫಲಿಸಿದ ಔಷಧಿ ಇಲ್ಲಿ ಸೋಲುವುದಕ್ಕೆ ಅರ್ಧ ಕಾರಣ ಇದೇ.

ಪತ್ತೆ: ಈ ಗಿಡದ ಕೀಟಗಳಲ್ಲಿ ಹೆಚ್ಚಿನವು ತಾವಾಗಿ ಕಣ್ಣಿಗೆ ಬೀಳುವುದಿಲ್ಲ, ಹುಡುಕಿ ಕಾಣಬೇಕು. ಪರೀಕ್ಷೆಗೆ ಬೇಕಾದ ಸಾಮಾನು ಅಗ್ಗದ್ದು: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಹಾಳೆ ಬಿಳಿ ಕಾಗದ, ಒಂದು ಟಾರ್ಚು, ಕಪಾಟಿಗೊಂದು ಅಂಟುಬಲೆಯ ಚೀಟಿ. ವಾರಕ್ಕೊಮ್ಮೆ ನೀರು ಹಾಕುವ ಹೊತ್ತಿನಲ್ಲೇ ನಾಲ್ಕು ಕಡೆ ನೋಡಿದರೆ ಸಾಕು. ಒಂದು, ಸುಳಿ: ನಡುವಿನ ಹೊಸ ಎಲೆಗಳು ಎಂದಿನ ಹಾಗೆ ಅರಳುತ್ತಿವೆಯೇ? ಎರಡು, ಹೂವು: ಹಳದಿ ಪರಾಗಕೋಶದ ಪುಡಿ ದಳದ ಮೇಲೆ ಚೆಲ್ಲಿದೆಯೇ? ಮೂರು, ಎಲೆತೊಟ್ಟು ಕಾಂಡಕ್ಕೆ ಕೂಡುವ ಸಂದು. ನಾಲ್ಕು, ಬೇರು. ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕುಂಡವನ್ನು ಓರೆ ಮಾಡಿ, ಎಲೆಗಳ ಅಡಿಗೆ ಅಂಗೈ ಕೊಟ್ಟು, ತಳವನ್ನು ಮೆಲ್ಲಗೆ ಒತ್ತಿದರೆ ಬೇರಿನ ಮುದ್ದೆ ಇಡಿಯಾಗಿ ಜಾರಿ ಬರುತ್ತದೆ. ನೋಡಿ ಮತ್ತೆ ಅದೇ ಕುಂಡಕ್ಕೆ ಕೂರಿಸಿದರೆ ಗಿಡಕ್ಕೆ ಏನೂ ಆಗುವುದಿಲ್ಲ. ಸಂಗ್ರಹ ದೊಡ್ಡದಿದ್ದರೆ ಪ್ರತಿಸಲ ಬೇರೆ ಬೇರೆ ಕಪಾಟಿನಿಂದ ಒಂದೆರಡು ಕುಂಡ ಆರಿಸಿ ನೋಡುವುದು ಅನುಕೂಲ.

ಸೈಕ್ಲಮೆನ್ ನುಸಿ: ಆಫ್ರಿಕನ್ ವಯೊಲೆಟ್ ಬೆಳೆಗಾರರು ಎಲ್ಲಕ್ಕಿಂತ ಹೆಚ್ಚಾಗಿ ಅಂಜುವ ಜೀವಿ. ಶಾಸ್ತ್ರೀಯ ಹೆಸರು ಫೈಟೊನೆಮಸ್ ಪ್ಯಾಲಿಡಸ್. ಇದು ಕೀಟವಲ್ಲ, ಎಂಟು ಕಾಲಿನ ಜೇಡನ ವರ್ಗಕ್ಕೆ ಸೇರಿದ ನುಸಿ. ಉದ್ದ ಕಾಲು ಮಿಲಿಮೀಟರಿನಷ್ಟು; ಬರಿಗಣ್ಣಿಗೆ ಕಾಣುವುದಿಲ್ಲ, ಭೂತಗನ್ನಡಿಯಲ್ಲೂ ಪಳಗಿದ ಕಣ್ಣಿಗಷ್ಟೇ ಹೊಳೆಯುವ ನಸುಕಂದು ಚುಕ್ಕೆಯಾಗಿ ತೋರುತ್ತದೆ. ಬೆಳಕಿಗೆ ಬೆನ್ನು ತಿರುಗಿಸಿ ಸುಳಿಯ ಒಳಗೇ ಬದುಕುತ್ತದೆ. ತಂಪು ಮತ್ತು ತೇವ ಇದಕ್ಕೆ ಪ್ರಿಯ. ಒಂದು ಹೆಣ್ಣು ಇಡುವ ಮೊಟ್ಟೆ ಹನ್ನೆರಡು, ಹದಿನಾರರಷ್ಟೇ ಆದರೂ ಎರಡು ವಾರಕ್ಕೊಂದು ಪೀಳಿಗೆ ಎದ್ದು ಬರುವುದರಿಂದ, ಲಕ್ಷಣ ಕಾಣುವ ಹೊತ್ತಿಗೆ ಸುಳಿಯಲ್ಲಿ ಮೂರು ತಲೆಮಾರು ಒಟ್ಟಿಗೆ ಇರಬಹುದು.

ನುಸಿ ಕಾಣದಿದ್ದರೂ ಅದು ಮಾಡಿದ ಹಾನಿ ಸ್ಪಷ್ಟ. ನಡುವಿನ ಎಲೆಗಳು ಬೆರಳ ಉಗುರಿನಷ್ಟಕ್ಕೇ ನಿಲ್ಲುತ್ತವೆ, ಅಂಚು ಒಳಕ್ಕೆ ಸುರುಳಿಯಾಗುತ್ತದೆ, ತೊಟ್ಟು ಗಿಡ್ಡವಾಗಿ ಸುಳಿಯೆಲ್ಲ ಗಂಟು ಕಟ್ಟಿದಂತಾಗುತ್ತದೆ. ಎಲೆಯ ಅಗಲ ಕುಗ್ಗಿದರೂ ರೋಮದ ಸಂಖ್ಯೆ ಕುಗ್ಗದಿರುವುದರಿಂದ ಸುಳಿ ಬೂದು ಬಣ್ಣಕ್ಕೆ ತಿರುಗಿ ಪೊದೆಗೂದಲಿನಂತೆ ಕಾಣುತ್ತದೆ. ಬೆರಳಿಂದ ಬಾಗಿಸಿದರೆ ಆ ಎಳೆಯ ಎಲೆ ಬಳುಕುವುದಿಲ್ಲ, ಪಟಕ್ಕನೆ ಮುರಿಯುತ್ತದೆ. ಮೊಗ್ಗು ಬಂದರೂ ತೊಟ್ಟು ಸೊಟ್ಟಗಾಗಿ, ಹೂ ಅರಳದೆ ಕಮರುತ್ತದೆ. ಹೊರಸುತ್ತಿನ ಹಳೆಯ ಎಲೆಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಅಗಲವಾಗಿ ಹಸಿರಾಗಿಯೇ ಉಳಿಯುತ್ತವೆ. ಹೊರಗಿನ ಆರೋಗ್ಯ, ಒಳಗಿನ ವಿಕಾರ: ಈ ಜೋಡಿ ಕಂಡರೆ ನುಸಿಯೆಂದು ಶಂಕಿಸಿ ಕುಂಡವನ್ನು ಆ ಕ್ಷಣವೇ ಕೋಣೆಯಿಂದ ಹೊರಗೆ ಒಯ್ಯುವುದು ಸರಿ. ಖಚಿತವಾಗಲೆಂದು ವಾರ ಕಾಯುವುದು ಪಕ್ಕದ ಕುಂಡಗಳಿಗೆ ಅಪಾಯ. ಈ ನುಸಿಗೆ ರೆಕ್ಕೆಯಿಲ್ಲ. ತಾಗಿದ ಎಲೆಯಿಂದ ಎಲೆಗೆ ತೆವಳುತ್ತದೆ, ದೂರದ ಪ್ರಯಾಣವನ್ನು ಸಾಕುವವರ ಬೆರಳು, ಕುಂಚ, ತೋಳಿನ ಬಟ್ಟೆಗಳ ಮೇಲೆ ಮಾಡುತ್ತದೆ.

ಚಿಕಿತ್ಸೆಯ ಹಳೆಯ ದಾರಿ ಬಿಸಿನೀರು. ಸುಮಾರು 43 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಗಿಡವನ್ನು 15ರಿಂದ 30 ನಿಮಿಷ ಮುಳುಗಿಸಿಟ್ಟರೆ ನುಸಿ ಸಾಯುತ್ತದೆ, ಗಿಡ ಬದುಕುತ್ತದೆ. ಎರಡರ ನಡುವಿನ ಅಂತರ ತೀರಾ ಸಣ್ಣದು. ಎರಡು ಮೂರು ಡಿಗ್ರಿ ಏರಿದರೂ ಎಲೆ ಬೆಂದುಹೋಗುತ್ತದೆ. ಉಷ್ಣಮಾಪಕ ಅದ್ದಿಟ್ಟು, ತಣಿದಂತೆಲ್ಲ ಬಿಸಿನೀರು ಬೆರೆಸುತ್ತ ಕಾಯುವ ತಾಳ್ಮೆ ಇದ್ದವರು ಮಾತ್ರ ಕೈಹಾಕಬೇಕಾದ ವಿಧಾನ ಇದು. ನುಸಿನಾಶಕಗಳಲ್ಲಿ ಅಬಮೆಕ್ಟಿನ್ ಎಲೆಯ ಪದರದೊಳಕ್ಕೆ ಸ್ವಲ್ಪ ಇಳಿಯುವ ಗುಣದಿಂದ ಇಲ್ಲಿ ಹೆಚ್ಚು ಉಪಯುಕ್ತ. ಇದು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯದಿಂದ ದೊರೆತದ್ದು. ಇದರ ಮೂಲವಾದ ಅವರ್ಮೆಕ್ಟಿನ್ ಶೋಧಕ್ಕೆ ಸತೋಷಿ ಒಮುರ ಮತ್ತು ವಿಲಿಯಂ ಕ್ಯಾಂಬೆಲ್ 2015ರ ನೊಬೆಲ್ ಪಡೆದರು. ಬೇರಿಗೆ ಹಾಕುವ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ನುಸಿಯ ಮೇಲೆ ಕೆಲಸ ಮಾಡುವುದಿಲ್ಲ. ಹಾಗಿದ್ದೂ ಸುಳಿ ಮುದುಡಿದ ಗಿಡಕ್ಕೆ ಅದನ್ನೇ ಹಾಕಿ, ಮಾಡಬೇಕಾದ್ದನ್ನು ಮಾಡಿದೆವೆಂದು ನೆಮ್ಮದಿಯಿಂದ ಕೂರುವುದು ಸಾಮಾನ್ಯ. ಅಷ್ಟರಲ್ಲಿ ಕಪಾಟು ಖಾಲಿಯಾಗಿರುತ್ತದೆ.

ಹಳದಿ ನುಸಿ: ಪಾಲಿಫ್ಯಾಗೊಟಾರ್ಸೊನೆಮಸ್ ಲೇಟಸ್ ಎಂಬ ಈ ನುಸಿ ಸೈಕ್ಲಮೆನ್ ನುಸಿಯ ದಾಯಾದಿ. ಕರ್ನಾಟಕದ ಮೆಣಸಿನಕಾಯಿ ಬೆಳೆಗಾರರಿಗೆ ಇದರ ಪರಿಚಯ ಹೊಸತಲ್ಲ: ಮುಟುರು ರೋಗವೆಂದು ಕರೆಯುವ ಎಲೆ ಮುದುಡುವಿಕೆಯಲ್ಲಿ ಎಲೆಯನ್ನು ಕೆಳಮುಖವಾಗಿ ಬಾಗಿಸುವುದು ಇದೇ ನುಸಿ, ಮೇಲ್ಮುಖವಾಗಿ ದೋಣಿಯಾಕಾರಕ್ಕೆ ತಿರುಗಿಸುವುದು ಥ್ರಿಪ್ಸ್. ಆಫ್ರಿಕನ್ ವಯೊಲೆಟ್‌ನಲ್ಲಿ ಇದರ ಲಕ್ಷಣಗಳು ಸೈಕ್ಲಮೆನ್ ನುಸಿಯವನ್ನೇ ಹೋಲುತ್ತವೆ. ಎಳೆಯ ಎಲೆಯ ಅಂಚು ಕೆಳಕ್ಕೆ ಮಡಚಿ, ಅಡಿಭಾಗ ಹೊಳಪಾಗಿ ಗಡುಸಾಗುತ್ತದೆ. ಸೈಕ್ಲಮೆನ್ ನುಸಿಗಿಂತ ಇದು ಬೆಚ್ಚನೆಯ ಹವೆಯನ್ನು ಸಹಿಸುತ್ತದೆ, ಬೆಳವಣಿಗೆಯೂ ಚುರುಕು, ವಾರದೊಳಗೆ ಒಂದು ಪೀಳಿಗೆ. ಇದರ ಪಯಣದ ರೀತಿ ಗಮನಿಸತಕ್ಕದ್ದು: ಬಿಳಿ ನೊಣದ ಕಾಲನ್ನು ಕಚ್ಚಿ ಹಿಡಿದು ಒಂದು ಗಿಡದಿಂದ ಇನ್ನೊಂದಕ್ಕೆ ಹಾರಿಹೋಗುತ್ತದೆ. ಬಾಲ್ಕನಿಯಲ್ಲಿ ಮೆಣಸಿನ ಗಿಡ, ಟೊಮೆಟೊ ಇಟ್ಟುಕೊಂಡು ಒಳಗಡೆ ವಯೊಲೆಟ್ ಸಾಕುವ ಮನೆಗಳಲ್ಲಿ ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಇರಬೇಕಾದದ್ದು ಸೊಳ್ಳೆಗಷ್ಟೇ ಅಲ್ಲ. ಮೆಣಸಿನಕಾಯಿ ಹೊಲದಲ್ಲಿ ಬಳಸುವ ನೀರಿನಲ್ಲಿ ಕರಗುವ ಗಂಧಕ ಈ ನುಸಿಯನ್ನು ಹತೋಟಿಗೆ ತರುತ್ತದೆ. ಆದರೆ ರೋಮದ ಎಲೆಯ ಮೇಲೆ ಬಿಳಿ ಕಲೆ ಉಳಿಯುತ್ತದೆ, ಸೆಕೆಯಲ್ಲಿ ಹಾಕಿದರೆ ಎಲೆ ಸುಡುತ್ತದೆ.

ಥ್ರಿಪ್ಸ್: ಒಂದರಿಂದ ಒಂದೂವರೆ ಮಿಲಿಮೀಟರ್ ಉದ್ದದ, ಜಾಲರಿಯಂಚಿನ ರೆಕ್ಕೆಯ ತೆಳುಮೈಯ ಕೀಟ. ವಯೊಲೆಟ್‌ಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಕಾಣುವುದು ಪಶ್ಚಿಮ ಅಮೆರಿಕ ಮೂಲದ ಫ್ರಾಂಕ್ಲಿನಿಯೆಲ್ಲ ಆಕ್ಸಿಡೆಂಟಾಲಿಸ್; 1970ರ ದಶಕದ ಕೊನೆಯಿಂದ ಹೂವಿನ ವ್ಯಾಪಾರದ ಜೊತೆ ಇದು ಖಂಡ ಖಂಡಗಳಿಗೆ ಹಬ್ಬಿತು. ಭಾರತದಲ್ಲಿ ಬೇರೆ ಥ್ರಿಪ್ಸ್‌ಗಳೂ ಹೂಗಿಡಗಳನ್ನು ಕಾಡುತ್ತವೆ. ಬೆಂಗಳೂರಿನ ಪರಂಗಿ ಗಿಡಗಳಲ್ಲಿ 2015ರಲ್ಲಿ ದೇಶದಲ್ಲೇ ಮೊದಲಬಾರಿಗೆ ದಾಖಲಾದ ಥ್ರಿಪ್ಸ್ ಪಾರ್ವಿಸ್ಪೈನಸ್, 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನಕಾಯಿ ಹೂಗಳನ್ನು ಹೊಲಹೊಲವೇ ಉದುರಿಸಿದ್ದನ್ನು ರೈತರು ಮರೆತಿಲ್ಲ. ಹೂವಿನಲ್ಲೇ ನೆಲೆಸುವ ಈ ಜಾತಿಗೆ ಅಲಂಕಾರದ ಗಿಡಗಳೂ ಆಹಾರವೇ.

ವಯೊಲೆಟ್ ಹೂವಿನ ನಡುವೆ ಜೋಡಿಯಾಗಿ ನಿಂತ ಹಳದಿ ಪರಾಗಕೋಶಗಳು ಸಾಮಾನ್ಯವಾಗಿ ಬಿಗಿಯಾಗಿ ಮುಚ್ಚಿರುತ್ತವೆ. ಗಾಳಿಗೆ, ಕೈತಾಗಿಗೆ ಪರಾಗ ಉದುರುವುದಿಲ್ಲ. ಥ್ರಿಪ್ಸ್‌ಗೆ ಬೇಕಾದದ್ದು ಆ ಪರಾಗ. ಕೋಶವನ್ನು ಕೊರೆದು ತಿನ್ನುವಾಗ ಪುಡಿ ದಳದ ಮೇಲೆ ಚೆಲ್ಲುತ್ತದೆ. ಗಾಢ ನೇರಳೆ ದಳದ ಮೇಲೆ ಹಳದಿ ಪುಡಿ ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ. ಖಾತರಿಗೆ ಹೂವನ್ನು ಬಿಳಿ ಕಾಗದದ ಮೇಲೆ ಹಿಡಿದು ಬೆರಳಿಂದ ತಟ್ಟಬೇಕು. ಮೊದಲು ಪರಾಗ ಬೀಳುತ್ತದೆ. ಒಂದೆರಡು ಕ್ಷಣ ಬಿಟ್ಟು ಅದರಲ್ಲೊಂದು ಗೀಟು ಓಡತೊಡಗುತ್ತದೆ. ಎಳೆಯವು ಹಳದಿ, ಬೆಳೆದವು ಕಂದು. ಹೂವಿನ ಮೇಲೆ ಮೆಲ್ಲಗೆ ಬಿಸಿಯುಸಿರು ಬಿಟ್ಟರೂ ಅವು ಕದಲಿ ಹೊರಬರುತ್ತವೆ. ಎಲೆಯ ಮೇಲೆ ಬೆಳ್ಳಿಬಣ್ಣದ ಗೀರು, ಹಿಕ್ಕೆಯ ಕಪ್ಪು ಚುಕ್ಕೆ, ಅವಧಿಗೆ ಮುಂಚೆ ಬಾಡುವ ಹೂ ಉಳಿದ ಲಕ್ಷಣಗಳು. ಥ್ರಿಪ್ಸ್ ವೈರಸ್ಸನ್ನೂ ಹೊತ್ತು ತರುತ್ತದೆ. ಇಂಪೇಷನ್ಸ್ ನೆಕ್ರೋಟಿಕ್ ಸ್ಪಾಟ್ ವೈರಸ್ ಒಮ್ಮೆ ಗಿಡದೊಳಗೆ ಸೇರಿದರೆ ಮದ್ದಿಲ್ಲ. ಆ ಗಿಡವನ್ನು ಕಿತ್ತೆಸೆಯಬೇಕು, ಅದರ ಎಲೆಯಿಂದ ಸಸಿ ಮಾಡಬಾರದು.

ಇದರ ಬದುಕಿನ ಕ್ರಮವೇ ಹತೋಟಿಯನ್ನು ಕಷ್ಟಗೊಳಿಸುತ್ತದೆ. ಮೊಟ್ಟೆ ಎಲೆ ಅಥವಾ ದಳದ ತಿರುಳಿನೊಳಗೆ, ಮರಿ ಹೂವಿನಲ್ಲಿ, ಕೋಶಾವಸ್ಥೆ ಬಹುಪಾಲು ಮಣ್ಣಿನಲ್ಲಿ, ಬೆಳೆದದ್ದು ಮತ್ತೆ ಹೂವಿನಲ್ಲಿ. ಒಂದು ದಿನದ ಸಿಂಪಡಣೆ ಯಾವಾಗಲೂ ಅರ್ಧ ಸಂಸಾರವನ್ನು ಮುಟ್ಟದೆ ಬಿಡುತ್ತದೆ. ಗಂಡಿನ ಕೂಡಿಕೆಯಿಲ್ಲದೆಯೂ ಹೆಣ್ಣು ಮೊಟ್ಟೆಯಿಡಬಲ್ಲದು, ಅವೆಲ್ಲ ಗಂಡಾಗುತ್ತವೆ. ಬೆಚ್ಚನೆಯ ಕೋಣೆಯಲ್ಲಿ ಎರಡು ಮೂರು ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ. ಎಲ್ಲಕ್ಕಿಂತ ಫಲಕಾರಿ ಉಪಾಯ ಬೆಳೆಗಾರರ ಎದೆಗೆ ನೋವು ಕೊಡುವಂಥದ್ದು: ಸಂಗ್ರಹದ ಪ್ರತಿಯೊಂದು ಗಿಡದಿಂದ ಪ್ರತಿಯೊಂದು ಹೂವನ್ನೂ ಬಣ್ಣ ತೋರುತ್ತಿರುವ ಪ್ರತಿಯೊಂದು ಮೊಗ್ಗನ್ನೂ ಚಿವುಟಿ, ಮುಚ್ಚಿದ ಚೀಲದಲ್ಲಿ ಹೊರಗೆ ಹಾಕಿ, ಆರರಿಂದ ಎಂಟು ವಾರ ಒಂದು ಹೂವೂ ಅರಳದಂತೆ ನೋಡಿಕೊಳ್ಳುವುದು. ಪರಾಗವಿಲ್ಲದೆ ಸಂತಾನ ಕುಗ್ಗುತ್ತದೆ. ಚೆಂದದ ಒಂದೆರಡು ಹೂ ಮಾತ್ರ ಇರಲೆಂದು ಬಿಟ್ಟರೆ ಇಡೀ ಶ್ರಮ ವ್ಯರ್ಥ. ಜೊತೆಗೆ ನೀಲಿ ಅಥವಾ ಹಳದಿ ಅಂಟುಬಲೆ ತೂಗುಹಾಕಬೇಕು. ಅದು ಥ್ರಿಪ್ಸ್ ತೀರಿಸುವ ಸಾಧನವಲ್ಲ, ಎಣಿಸುವ ಸಾಧನ. ಔಷಧಿಗಳಲ್ಲಿ ಸ್ಪೈನೋಸ್ಯಾಡ್ ಮುಖ್ಯ. 1980ರ ದಶಕದಲ್ಲಿ ಕೆರಿಬಿಯನ್ ದ್ವೀಪವೊಂದರ ಹಳೆಯ ರಮ್ ಭಟ್ಟಿಯ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯದ ಉತ್ಪನ್ನ ಇದು. ಇದನ್ನೇ ಮತ್ತೆ ಮತ್ತೆ ಬಳಸಿದಲ್ಲಿ ಥ್ರಿಪ್ಸ್ ಒಗ್ಗಿಕೊಂಡಿರುವುದರಿಂದ ಬೇರೆ ಗುಂಪಿನ ಔಷಧಿಯೊಂದಿಗೆ ಸರದಿಯಲ್ಲಿ ಬಳಸುವುದು ವಾಡಿಕೆ.

ಬೇರಿನ ಹಿಟ್ಟು ತಿಗಣೆ: ಇದರ ಗಿಡ ಹೊರನೋಟಕ್ಕೆ ತಿಂಗಳುಗಟ್ಟಲೆ ಚೆನ್ನಾಗಿಯೇ ಇರುತ್ತದೆ. ಹೂ ಕಡಿಮೆಯಾಗುತ್ತದೆ, ಎಲೆಯ ಹೊಳಪು ಇಳಿಯುತ್ತದೆ, ನೀರು ಹಾಕಿದರೂ ತುಸು ಬಾಡಿದಂತಿರುತ್ತದೆ. ಗೊಬ್ಬರ ಸಾಲದೆಂದು ಗೊಬ್ಬರ ಹಾಕಿ ಸುಮ್ಮನಾಗುವವರೇ ಹೆಚ್ಚು. ಕುಂಡದಿಂದ ಮುದ್ದೆ ತೆಗೆದಾಗ ಬೇರಿಗೂ ಕುಂಡದ ಗೋಡೆಗೂ ನಡುವೆ ಅಕ್ಕಿ ನುಚ್ಚು ಚೆಲ್ಲಿದಂತೆ ಬಿಳಿಯ ಕಾಳುಗಳು ಕಾಣುತ್ತವೆ, ಕುಂಡದ ಒಳಮೈಗೂ ಬಿಳಿ ಮೇಣದ ಪುಡಿ ಮೆತ್ತಿರುತ್ತದೆ. ಪರ್ಲೈಟ್ ಚೂರಿಗೂ ಇದಕ್ಕೂ ವ್ಯತ್ಯಾಸ ತಿಳಿಯಲು ಕಡ್ಡಿಯಿಂದ ಒತ್ತಿ ನೋಡಬೇಕು: ಪರ್ಲೈಟ್ ಗರಗರ ಎನ್ನುತ್ತದೆ, ತಿಗಣೆ ಪಿಚಕ್ಕೆನ್ನುತ್ತದೆ. ಸ್ವಲ್ಪ ಹೊತ್ತು ಕಾದರೆ ಕೆಲವು ನಿಧಾನವಾಗಿ ಚಲಿಸುವುದೂ ಕಾಣುತ್ತದೆ. ಇವು ರೈಜೀಕಸ್ ಜಾತಿಯವು. ಅವುಗಳಲ್ಲಿ ರೈಜೀಕಸ್ ಪ್ರಿಚಾರ್ಡಿ ಆಫ್ರಿಕನ್ ವಯೊಲೆಟ್‌ನ ಬೇರಿಗೆ ಬೀಳುವ ಕೀಟವೆಂದೇ ಹೆಸರಾದದ್ದು.

ಹರಡುವ ದಾರಿ ನೀರು. ಕುಂಡದ ತಳದ ತೂತಿನಿಂದ ಹೊರಬಂದ ಮರಿ ತಟ್ಟೆಯ ನೀರಿನ ಮೂಲಕ, ಒದ್ದೆ ಚಾಪೆಯ ಮೂಲಕ, ಹಲವು ಕುಂಡಗಳಿಗೆ ಒಂದೇ ತೊಟ್ಟಿಯಿಂದ ನೀರೇರಿಸುವ ಬತ್ತಿಯ ಮೂಲಕ ನೆರೆಯ ಕುಂಡಕ್ಕೆ ಸೇರುತ್ತದೆ. ಬತ್ತಿ ನೀರುಣಿಕೆ ಸಂಗ್ರಹಕಾರರಿಗೆ ದೊಡ್ಡ ಅನುಕೂಲ, ನಿಜ. ಆದರೆ ಒಂದು ಕುಂಡಕ್ಕೆ ಒಂದೇ ಡಬ್ಬಿ ಎಂಬ ನಿಯಮವನ್ನು ಬಿಟ್ಟ ದಿನ ಆ ಅನುಕೂಲ ಹಾನಿಗೆ ತಿರುಗುತ್ತದೆ. ಬೇರಿನ ತಿಗಣೆ ಒಂದು ಕುಂಡದಲ್ಲಿ ಸಿಕ್ಕರೆ ಅದೇ ತಟ್ಟೆ ಹಂಚಿಕೊಂಡ ಎಲ್ಲ ಕುಂಡಗಳಿಗೂ ತಗಲಿದೆ ಎಂದೇ ಲೆಕ್ಕ ಹಿಡಿಯಬೇಕು.

ಮೇಣದ ಹೊದಿಕೆಯಿಂದಾಗಿ ಮೇಲಿಂದ ಸುರಿದ ಔಷಧಿ ಜಾರಿಹೋಗುತ್ತದೆ. ಅಂತರ್ವ್ಯಾಪಿ ಕೀಟನಾಶಕವನ್ನು ಬೇರಿಗೆ ಉಣಿಸಿದರೆ ಸಂಖ್ಯೆ ಇಳಿಯುತ್ತದೆ, ನಿರ್ಮೂಲವಾಗುವುದು ಅಪರೂಪ. ಖಚಿತವಾದ ಉಪಾಯವೆಂದರೆ ಬೇರನ್ನೇ ಬಿಟ್ಟುಕೊಡುವುದು. ಗಿಡದ ತಲೆಯನ್ನು ಕಾಂಡದಿಂದ ಚೂಪಾದ ಅಲಗಿನಲ್ಲಿ ಕತ್ತರಿಸಿ, ಕೆಳಗಿನ ಸುತ್ತಿನ ಎಲೆ ತೆಗೆದು, ಉಳಿದ ಕಾಂಡವನ್ನು ಮೆಲ್ಲಗೆ ಕೆರೆದು ಸೋಪುನೀರಿನಲ್ಲಿ ತೊಳೆದು, ಹೊಸ ಮಿಶ್ರಣದ ಹೊಸ ಕುಂಡದಲ್ಲಿ ನಾಟಿ, ಪಾರದರ್ಶಕ ಚೀಲ ಮುಚ್ಚಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಹೊಸ ಬೇರು ಬರುತ್ತದೆ. ನೋಡಲು ಕ್ರೂರವೆನಿಸಿದರೂ ಆಫ್ರಿಕನ್ ವಯೊಲೆಟ್ ಈ ಶಸ್ತ್ರಕ್ರಿಯೆಯನ್ನು ಚೆನ್ನಾಗಿ ತಡೆದುಕೊಳ್ಳುವ ಗಿಡ. ವಯಸ್ಸಾಗಿ ಕಾಂಡ ಉದ್ದವಾದ ಗಿಡಗಳಿಗೆ ಬೆಳೆಗಾರರು ಹೇಗೂ ಇದನ್ನೇ ಮಾಡುತ್ತಾರೆ. ಹಳೆಯ ಮಣ್ಣು, ಬೇರು, ಬತ್ತಿ ಕಸಕ್ಕೆ. ಕುಂಡ, ತಟ್ಟೆಗಳನ್ನು ಉಜ್ಜಿ ತೊಳೆದು ಬ್ಲೀಚ್ ಬೆರೆಸಿದ ನೀರಿನಲ್ಲಿ ನೆನೆಸಬೇಕು.

ಎಲೆಯ ಹಿಟ್ಟು ತಿಗಣೆ: ಎಲೆತೊಟ್ಟಿನ ಸಂದಿನಲ್ಲಿ, ಹೂಗೊಂಚಲಿನ ಕವಲಿನಲ್ಲಿ ಬಿಳಿ ಮೇಣದೆಳೆಯ ಉಂಡೆಗಳಾಗಿ ಕೂರುವ ಪ್ಲಾನೊಕಾಕಸ್ ಸಿಟ್ರಿ ಮುಂತಾದವು. ಕಣ್ಣಿಗೆ ಕಾಣುವುದರಿಂದ ಇವು ತಕ್ಕಮಟ್ಟಿಗೆ ಸುಲಭದ ವೈರಿಗಳು. ಒಂದೊಂದು ಉಂಡೆಯಲ್ಲಿ ನೂರಾರು ಮೊಟ್ಟೆಗಳಿರುತ್ತವೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದನ್ನೂ ಮುಟ್ಟಿ ಒರೆಸಿ, ವಾರವಾರವೂ ತಪ್ಪದೆ ಅದೇ ಕೆಲಸ ಮಾಡಿದರೆ ತಿಂಗಳಲ್ಲಿ ಗಿಡ ಸ್ವಚ್ಛವಾಗುತ್ತದೆ. ಇರುವೆ ಸಾಲು ಕುಂಡದತ್ತ ಹೊರಟಿದ್ದರೆ ಅದು ತಿಗಣೆಯ ಸುಳಿವು: ತಿಗಣೆ ಸುರಿಸುವ ಸಿಹಿಯಂಟಿಗಾಗಿ ಇರುವೆಗಳು ಅವನ್ನು ಕಾಯುತ್ತವೆ, ಬೇರೆಡೆಗೆ ಹೊತ್ತೂ ಒಯ್ಯುತ್ತವೆ. ಅಂಗಳದ ದಾಸವಾಳ ಹಿಟ್ಟು ತಿಗಣೆಗಳ ದೊಡ್ಡ ಆಶ್ರಯ. ಅದರ ಕೊಂಬೆ ಕಿಟಕಿಗೆ ತಾಗುವಂತಿದ್ದರೆ ಸವರಿಸಿಡುವುದು ಮೇಲು.

ಹಿಟ್ಟು ತಿಗಣೆಗೆ ಸಹಜ ಶತ್ರುವಾದ ಕ್ರಿಪ್ಟೊಲೇಮಸ್ ಎಂಬ ಗುಲಗಂಜಿ ಹುಳುವನ್ನು ಆಸ್ಟ್ರೇಲಿಯದಿಂದ ಭಾರತಕ್ಕೆ 1898ರಲ್ಲಿ ತಂದದ್ದು ಕಾಫಿಯ ಹಸಿರು ಶಲ್ಕಕೀಟದ ಹತೋಟಿಗೆಂದು. ಕಾಫಿ ಸೀಮೆಯಲ್ಲಿ ನೆಲೆಯೂರಿದ ಅದನ್ನು ಇಂದು ದ್ರಾಕ್ಷಿ, ಸೀಬೆ, ಕಾಫಿ ತೋಟಗಳಲ್ಲಿ ತಿಗಣೆಯ ಮೇಲೆ ಬಿಡುತ್ತಾರೆ. ಇದರ ಮರಿಹುಳು ತಾನೇ ಹಿಟ್ಟು ತಿಗಣೆಯೇನೋ ಎಂಬಂತೆ ಬಿಳಿ ಎಳೆ ಹೊದ್ದು ಓಡಾಡುತ್ತದೆ. ಬಾಲ್ಕನಿಯ ಗಿಡದ ಮೇಲೆ ದೊಡ್ಡದಾಗಿ, ಚುರುಕಾಗಿ ಓಡುವ ‘ತಿಗಣೆ’ ಕಂಡರೆ ಕೊಲ್ಲುವ ಮುಂಚೆ ನಿಂತು ನೋಡಬೇಕು. ಮನೆಯೊಳಗಿನ ಸಣ್ಣ ಸಂಗ್ರಹಕ್ಕೆ ಮಾತ್ರ ಈ ಹುಳು ಬಿಡುವುದು ಅಷ್ಟು ಫಲ ಕೊಡದು. ಬೇಟೆ ಮುಗಿದೊಡನೆ ಅದು ಬೆಳಕಿನತ್ತ, ಕಿಟಕಿಯತ್ತ ಹಾರಿಹೋಗುತ್ತದೆ.

ಇತರ ಜೀವಿಗಳು: ನೀರು ಹಾಕಿದಾಗ ಕುಂಡದಿಂದೇಳುವ ಸಣ್ಣ ಕಪ್ಪು ನೊಣಗಳು ಅಣಬೆ ನೊಣಗಳು. ಅವುಗಳ ಕಪ್ಪುತಲೆಯ ಪಾರದರ್ಶಕ ಹುಳು ಸದಾ ಒದ್ದೆಯಾದ ಕೋಕೋಪೀಟ್‌ನಲ್ಲಿ ಬೆಳೆದು ಎಳೆಸಸಿಗಳ ಬೇರು ಕೊರೆಯುತ್ತದೆ. ಮೇಲ್ಪದರವನ್ನು ಒಣಗಲು ಬಿಡುವುದು, ಹಳದಿ ಅಂಟುಬಲೆ, ಸೊಳ್ಳೆ ಮರಿಗಳಿಗೆ ಬಳಸುವ ಬಿಟಿಐ ಬ್ಯಾಕ್ಟೀರಿಯ ಬೆರೆಸಿದ ನೀರು, ಇಷ್ಟರಲ್ಲಿ ಹತೋಟಿಗೆ ಬರುತ್ತದೆ. ತಟ್ಟೆಯ ನೀರಿನಲ್ಲಿ ಚಿಮ್ಮುವ ಬಿಳಿ ಕಣಗಳು ಚಿಮ್ಮುಬಾಲದ ಹುಳುಗಳು, ಅವುಗಳಿಂದ ಕೇಡಿಲ್ಲ. ಜೇಡ ನುಸಿ ಬೇಸಗೆಯ ಒಣ ಸೆಕೆಯಲ್ಲಿ ಕಾಣಿಸುತ್ತದೆ, ಎಲೆಯಡಿಯಲ್ಲಿ ಸಣ್ಣ ಬಲೆ ನೇಯುತ್ತದೆ. ತೋಟದ ಮಣ್ಣನ್ನು ಹದ ಮಾಡದೆ ಬಳಸಿದರೆ ಮೆಲಾಯ್ಡೊಗೈನ್ ಜಂತುಹುಳು ಬೇರಿನಲ್ಲಿ ಗಂಟು ಕಟ್ಟಿಸುತ್ತದೆ. ಈ ಗಂಟಿಗೆ ಮನೆಮಟ್ಟದಲ್ಲಿ ಚಿಕಿತ್ಸೆಯಿಲ್ಲ. ಮಣ್ಣನ್ನು ಬೇಯಿಸಿ ಬಳಸುವುದು, ಅಥವಾ ಮಣ್ಣನ್ನೇ ಬಿಟ್ಟು ಕೋಕೋಪೀಟ್, ಪರ್ಲೈಟ್ ಮಿಶ್ರಣಕ್ಕೆ ಹೋಗುವುದು ದಾರಿ.

ಕೀಟವಲ್ಲದ ಕಾರಣಗಳು: ಸುಳಿ ಬಿಗಿಯಾದೊಡನೆ ನುಸಿಯೆಂದು ನಿರ್ಧರಿಸುವುದು ತಪ್ಪು. ದೀಪ ತೀರಾ ಹತ್ತಿರವಿದ್ದರೆ ಸುಳಿ ಬಿಗಿಯಾಗುತ್ತದೆ, ಆದರೆ ಎಲೆಗಳು ಸೊಟ್ಟಗಾಗದೆ ಮಾಸಲಾಗುತ್ತವೆ. ಕುಂಡವನ್ನು ದೂರ ಸರಿಸಿದರೆ ಮೂರು ನಾಲ್ಕು ವಾರದಲ್ಲಿ ಸಡಿಲವಾಗುತ್ತದೆ. ಗೊಬ್ಬರದ ಉಪ್ಪು ಹೆಚ್ಚಾದರೆ ಸುಳಿಯ ರೋಮದ ತುದಿಯಲ್ಲಿ ಕಿತ್ತಳೆಗಂದು ಬಣ್ಣದ ಹರಳು ಕಟ್ಟುತ್ತದೆ. ಗಡುಸು ಕೊಳವೆಬಾವಿ ನೀರು ಬಳಸುವ ಮನೆಗಳಲ್ಲಿ ಇದು ಬೇಗ ಕಾಣುತ್ತದೆ, ಶುದ್ಧ ನೀರನ್ನು ಮೇಲಿನಿಂದ ಧಾರಾಳವಾಗಿ ಹಾಯಿಸಿ ತೊಳೆದರೆ ಇಳಿಯುತ್ತದೆ. ತಣ್ಣೀರು ಎಲೆಗೆ ಬಿದ್ದಲ್ಲಿ ಮೂಡುವ ಉಂಗುರಾಕಾರದ ಹಳದಿ ಕಲೆಯೂ, ಬೂದಿ ರೋಗದ ಬಿಳಿ ಪುಡಿಯೂ ಹುಳದ ಕೆಲಸವಲ್ಲ.

ಔಷಧಿಗಳು: ಈ ಹವ್ಯಾಸದ ಇತಿಹಾಸದಲ್ಲಿ ವಿಷದ ಅಧ್ಯಾಯವೊಂದಿದೆ. 1940ರ ದಶಕದಲ್ಲಿ ಅಮೆರಿಕದ ಬೆಳೆಗಾರರು ಸೈಕ್ಲಮೆನ್ ನುಸಿಗೆ ಸೋಡಿಯಂ ಸೆಲಿನೇಟನ್ನು ಕುಂಡದ ಮಣ್ಣಿಗೆ ಹಾಕುತ್ತಿದ್ದರು. ಗಿಡವೇ ವಿಷವಾಗಿ ನುಸಿ ಸಾಯುತ್ತಿತ್ತು. ಅದು ಮನುಷ್ಯರಿಗೂ ಅಷ್ಟೇ ವಿಷ. ಆಮೇಲೆ ಬಂದದ್ದು ಡಿಡಿಟಿಯ ರಾಸಾಯನಿಕ ಸಂಬಂಧಿಯಾದ ಡೈಕೋಫಾಲ್. ದಶಕಗಳ ಕಾಲ ನುಸಿಗೆ ಅದೇ ಮದ್ದಾಗಿತ್ತು. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು, ಭಾರತ 2023ರಲ್ಲಿ ಅದನ್ನು ನಿಷೇಧಿಸಿತು. ಹಳೆಯ ಪುಸ್ತಕಗಳಲ್ಲಿ ಈ ಹೆಸರುಗಳು ಇನ್ನೂ ಸಿಗುತ್ತವೆ. ಓದಿಕೊಂಡು ಹುಡುಕಿ ಹೋಗಬಾರದು. ಮಕ್ಕಳು, ಬೆಕ್ಕು ಓಡಾಡುವ, ಅಡುಗೆಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಹೊಲದ ಪ್ರಮಾಣದ ಕೀಟನಾಶಕ ಸಿಂಪಡಿಸುವುದು ಯಾವ ಹೂವಿಗೂ ತಕ್ಕ ಬೆಲೆಯಲ್ಲ ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಸಿಂಪಡಿಸಲೇಬೇಕಾದರೆ ಮನೆಯ ಹೊರಗೆ, ನೆರಳಿನಲ್ಲಿ, ಕೈಗವಸು ತೊಟ್ಟು, ಚೀಟಿಯ ಮೇಲಿನ ಪ್ರಮಾಣ ಮೀರದೆ.

ಸೌಮ್ಯ ಮದ್ದುಗಳಲ್ಲಿ ಬೇವಿನೆಣ್ಣೆ ಎಲ್ಲರ ಬಾಯಲ್ಲಿದೆ. ಎಲೆಯ ರೋಮ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವುದರಿಂದ ದೀಪದ ಬೆಳಕಿಗೆ ಎಲೆ ಸುಡುವ ಸಾಧ್ಯತೆ ಇಲ್ಲಿ ಹೆಚ್ಚು. ಸಂಜೆ ಹಾಕಿ, ದೀಪ ಆರಿಸಿ, ಮೊದಲು ಒಂದೇ ಎಲೆಗೆ ಹಾಕಿ ಎರಡು ದಿನ ನೋಡುವುದು ಕ್ಷೇಮ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪುಗಳು ನೀರಿನಲ್ಲಿ ಚೆನ್ನಾಗಿ ಬೆರೆಯುತ್ತವೆ. ಮೆದುಮೈಯ ಕೀಟಗಳಿಗೆ ನಾಟುತ್ತವೆ. ಸುಳಿಯೊಳಗಿನ ನುಸಿಗೆ ಇವು ಯಾವುವೂ ಸಾಲವು. ಯಾವ ಮದ್ದಾದರೂ ಐದರಿಂದ ಏಳು ದಿನದ ಅಂತರದಲ್ಲಿ ಕನಿಷ್ಠ ಮೂರು ಸಲ ಆಗಬೇಕು, ಮೊದಲ ಸಲ ಮೊಟ್ಟೆಯಲ್ಲಿದ್ದದ್ದು ಎರಡನೆಯ ಸಲಕ್ಕೆ ಹೊರಬಂದಿರುತ್ತದೆ.

ಪ್ರತ್ಯೇಕವಾಸ: ಹೊಸ ಗಿಡ ಎಲ್ಲಿಂದಲೇ ಬಂದಿರಲಿ, ಆರರಿಂದ ಎಂಟು ವಾರ ಬೇರೆ ಕೋಣೆಯಲ್ಲಿರಬೇಕು. ಲಾಲ್‌ಬಾಗ್ ಪ್ರದರ್ಶನದಲ್ಲಿ ಕೊಂಡದ್ದಾಗಲಿ, ಗೆಳತಿಯ ಮನೆಯಿಂದ ಪ್ರೀತಿಯಿಂದ ಬಂದದ್ದಾಗಲಿ ವಿನಾಯಿತಿ ಕೂಡದು. ಪ್ರತಿದಿನದ ಆರೈಕೆಯಲ್ಲಿ ಆರೋಗ್ಯದ ಗಿಡಗಳು ಮೊದಲು, ಪ್ರತ್ಯೇಕವಾಗಿಟ್ಟವು ಕೊನೆಗೆ. ನಡುವೆ ಕೈ ತೊಳೆಯಬೇಕು. ಇದಕ್ಕಿಂತ ಭದ್ರವಾದದ್ದು ಎಲೆಯಿಂದ ವಂಶ ಉಳಿಸುವ ಕ್ರಮ: ಹೊಸ ಗಿಡದ ನಡುಸುತ್ತಿನ ಆರೋಗ್ಯವಂತ ಎಲೆಯೊಂದನ್ನು ತೆಗೆದು, ತೊಳೆದು, ಹೊಸ ಮಿಶ್ರಣದಲ್ಲಿ ನಾಟಿದರೆ ಎರಡು ಮೂರು ತಿಂಗಳಲ್ಲಿ ಬುಡದಲ್ಲಿ ಮರಿಗಳೇಳುತ್ತವೆ, ತಾಯಿಗಿಡವನ್ನು ಒಳಕ್ಕೆ ತರುವ ಪ್ರಮೇಯವೇ ಇಲ್ಲ. ದಳದ ನಡುವೆ ಬೇರೆ ಬಣ್ಣದ ಪಟ್ಟೆ ಚಕ್ರದಂತೆ ಕಾಣುವ ಕಿಮೇರ ತಳಿಗಳಿಗೆ ಮಾತ್ರ ಈ ಕ್ರಮ ಒದಗುವುದಿಲ್ಲ. ಎಲೆಯಿಂದ ಹುಟ್ಟಿದ ಸಸಿಗೆ ಪಟ್ಟೆ ಬರುವುದಿಲ್ಲ, ಅವನ್ನು ಪಕ್ಕದ ಕವಲುಗಳಿಂದ ಅಥವಾ ಹೂತೊಟ್ಟಿನಿಂದಲೇ ಬೆಳೆಸಬೇಕು. ಆದ್ದರಿಂದ ಕಿಮೇರಗಳನ್ನು ಇತರ ಗಿಡಗಳಿಂದ ದೂರವಿಟ್ಟು, ಇನ್ನೊಬ್ಬರ ಮನೆಯಲ್ಲೂ ಒಂದು ಪ್ರತಿ ಬೆಳೆಯುವಂತೆ ನೋಡಿಕೊಳ್ಳುವುದು ಅನುಭವಿಗಳ ಕ್ರಮ.

ಗಿಡವನ್ನು ಕೈಬಿಡುವುದೂ ನಿರ್ವಹಣೆಯ ಭಾಗ. ಪೇಟೆಯಲ್ಲಿ ಸುಲಭವಾಗಿ ಸಿಗುವ ತಳಿಗೆ ನುಸಿ ಹತ್ತಿದ್ದರೆ ಮೂರು ತಿಂಗಳು ಚಿಕಿತ್ಸೆ ಮಾಡುತ್ತ ಉಳಿದವನ್ನು ಅಪಾಯಕ್ಕೊಡ್ಡುವುದಕ್ಕಿಂತ ಅದನ್ನು ಚೀಲದಲ್ಲಿ ಕಟ್ಟಿ ಕಸ ಒಯ್ಯುವ ದಿನ ಹೊರಗಿಡುವುದು ಲೇಸು. ಅಂಗಳದ ಗೊಬ್ಬರಗುಂಡಿಗೆ ಹಾಕಿದರೆ ನುಸಿ, ತಿಗಣೆಗಳು ಬೇರೆ ಗಿಡ ಹುಡುಕಿಕೊಳ್ಳುತ್ತವೆ.

ಚಿಕಿತ್ಸೆ ಪಡೆದ ಗಿಡವನ್ನು ಕಪಾಟಿಗೆ ಮರಳಿಸುವ ಮುಂಚೆ, ಕೊನೆಯ ಹುಳ ಕಂಡ ದಿನದಿಂದ ಎಂಟು ವಾರ ದಾಟಿರಬೇಕು. ಮುದುಡಿದ ಹಳೆಯ ಎಲೆಗಳು ಎಂದೂ ನೆಟ್ಟಗಾಗುವುದಿಲ್ಲ, ಅವನ್ನು ನೋಡಿ ಪ್ರಯೋಜನವಿಲ್ಲ. ಚಿಕಿತ್ಸೆಯ ನಂತರ ಸುಳಿಯಿಂದ ಬಂದ ಮೂರು ನಾಲ್ಕು ಎಲೆಗಳು ತಳಿಗೆ ಸಹಜವಾದ ಅಗಲಕ್ಕೆ ಬೆಳೆದಿವೆಯೇ ಎಂಬುದೇ ಅಳತೆ. ಮೊದಲ ಹೂ ಅರಳಿದಾಗ ಕಾಗದದ ಮೇಲೆ ತಟ್ಟಿ ನೋಡಬೇಕು, ಬೇರಿನ ಮುದ್ದೆಯನ್ನೂ ಒಮ್ಮೆ ತೆಗೆದು ನೋಡಬೇಕು. ಎರಡೂ ಸ್ವಚ್ಛವಿದ್ದರೆ ಕಪಾಟಿನ ಅಂಚಿನಲ್ಲಿ, ಪಕ್ಕದ ಗಿಡದ ಎಲೆ ತಾಗದಷ್ಟು ಅಂತರ ಬಿಟ್ಟು, ತನ್ನದೇ ತಟ್ಟೆಯೊಂದಿಗೆ ಇಡಬಹುದು.